ತಮ್ಮ ಬಿಟ್ಟುಹೋದ ಲಿಂಗ

ನನ್ನ ತಮ್ಮ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದ. ಆ ಹಡಗು ಒಂದು ಬಂದರು ಬಿಟ್ಟಿತು, ಇನ್ನೊಂದು ಬಂದರು ಮುಟ್ಟಲಿಲ್ಲ. ಇದಕ್ಕಿಂತ ಹೆಚ್ಚಿನದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಬಿರುಗಾಳಿ ಇರಲಿಲ್ಲವಂತೆ, ಕಾಪಾಡಿ ಎಂಬ ಕರೆ ಬರಲಿಲ್ಲವಂತೆ, ನೀರಿನ ಮೇಲೆ ಎಣ್ಣೆಯ ಕಲೆಯೂ ಕಾಣಲಿಲ್ಲವಂತೆ.

ಶಿಕಾರಿಪುರದ ನಮ್ಮ ಬೀಜ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗೆ ಮೆಕ್ಕೆಜೋಳದ ಬೀಜ ಕೊಡುತ್ತಿದ್ದಾಗ ನನಗೆ ಹಡಗು ಕಂಪನಿಯವರ ಫೋನು ಬಂತು. "ಮುಳುಗಿದೆ ಅಂತ ನಾವು ಹೇಳ್ತಿಲ್ಲ ಮೇಡಂ, ಸಿಗ್ತಿಲ್ಲ ಅಂತ ಅಷ್ಟೇ," ಅಂದ ಆ ಮನುಷ್ಯ. ಬಸ್ಸಿನಲ್ಲಿ ಮರೆತ ಕೊಡೆಯ ವಿಷಯ ಹೇಳುವಂತಿತ್ತು ಅವನ ದನಿ. ಆಮೇಲೆ ನಾನೇ ಫೋನು ಮಾಡಿ ಮಾಡಿ ಬಯ್ದೆ, ಬೇಡಿಕೊಂಡೆ. ಕೊನೆಗೆ ನನ್ನ ನಂಬರು ಕಂಡರೆ ಎತ್ತುವುದನ್ನೇ ಬಿಟ್ಟರು.

ಅಪ್ಪ ತೀರಿಕೊಂಡ ಮೇಲೆ ಅವ್ವ ಇರುವುದು ಸೊರಬದ ಕಡೆ, ಜಡೆಯಲ್ಲಿ, ದೊಡ್ಡಪ್ಪನ ಮನೆಯವರ ಜೊತೆ. ಅವಳು ಕಂಡ ದೊಡ್ಡ ನೀರೆಂದರೆ ಗುಡವಿಯ ಕೆರೆ. "ಕೆರೆಗೆ ಬಿದ್ದೋರು ಮೇಲೆ ಬರ್ತಾರೆ. ಅಷ್ಟು ದೊಡ್ಡ ಹಡಗು ಕಣೇ, ಒಂದು ಹಲಗೆನಾದ್ರೂ ತೇಲಬಾರ್ದಾ?" ಎಂದು ಕೇಳುತ್ತಿದ್ದಳು. ಉತ್ತರ ಗೊತ್ತಿಲ್ಲದಾಗ ನಾನು ರೇಗುತ್ತೇನೆ. ಅವ್ವನ ಮೇಲೂ ರೇಗಿದೆ.

ನಮ್ಮಲ್ಲಿ ಕೊರಳಿನ ಇಷ್ಟಲಿಂಗ ಸಾಯುವವರೆಗೂ ಮೈಮೇಲಿರಬೇಕು. ಸತ್ತವರನ್ನು ಕೂರಿಸಿ ಮಣ್ಣು ಮಾಡುವಾಗ ಅದನ್ನು ಅವರ ಎಡಗೈಯಲ್ಲಿ ಇಡುತ್ತಾರೆ. ಹಿಂದಿನ ಸಲ ಹಡಗಿನಲ್ಲಿ ತಮ್ಮನ ಶಿವದಾರ ಹರಿದು, ಲಿಂಗ ಇನ್ನೇನು ಸಮುದ್ರಕ್ಕೆ ಬೀಳುವುದರಲ್ಲಿತ್ತಂತೆ. ಅದಕ್ಕೇ ಈ ಸಲ ಅದನ್ನಿಡುವ ಕರಡಿಗೆ ಸಮೇತ ಅವ್ವನ ಕೈಗೆ ಕೊಟ್ಟು ಹೋದ. "ಅಲ್ಲಿ ಕಳದ್ರೆ ಹುಡುಕೋರ್ಯಾರು? ನಿನ್ನ ಹತ್ರ ಇರ್ಲಿ ಬಿಡವ್ವ, ಭದ್ರವಾಗಿರುತ್ತೆ," ಅಂದಿದ್ದ. ಲಿಂಗ ಭದ್ರವಾಗಿಯೇ ಇತ್ತು. ಅವ್ವ ದಿನವೂ ಮೊದಲು ಅವನದಕ್ಕೆ, ಆಮೇಲೆ ತನ್ನದಕ್ಕೆ ಪೂಜೆ ಮಾಡುತ್ತಿದ್ದಳು.

ಲಿಂಗ ತೆಗೆದಿಟ್ಟು ಹೋಗಿದ್ದಕ್ಕೇ ಹೀಗಾಯಿತು ಎಂದು ಕೆಲವರು ಅವಳ ಎದುರೇ ಅಂದರು. ನನಗೆ ಮೈಯೆಲ್ಲ ಉರಿಯಿತು. "ಹಡಗಲ್ಲಿದ್ದ ಉಳಿದೋರೆಲ್ಲ ಏನು ಬಿಟ್ಟು ಹೋಗಿದ್ರು, ಹೇಳ್ರೀ?" ಎಂದು ಕೇಳಿದೆ. ಆದರೆ ಅವ್ವನಿಗೆ ಅವರ ಮಾತು ನಾಟಿಬಿಟ್ಟಿತ್ತು.

ದೊಡ್ಡಪ್ಪ ಒಂದೇ ಹಟ ಹಿಡಿದರು. ದೇಹ ಸಿಗದಿದ್ದರೆ ಲಿಂಗವನ್ನಾದರೂ ಮಣ್ಣು ಮಾಡಬೇಕು, ಹುಡುಗನನ್ನು ಅಲ್ಲಿಗೂ ಇಲ್ಲ ಇಲ್ಲಿಗೂ ಇಲ್ಲ ಮಾಡಿ ಇಡಬಾರದು ಎಂದು. ಅವ್ವ ಒಪ್ಪಲಿಲ್ಲ. ಒಪ್ಪಿದರೆ ಮಗ ಸತ್ತ ಎಂದು ತಾನೇ ಹೇಳಿದ ಹಾಗೆ. ವರ್ಷ ಕಳೆಯಿತು. ಒಂದು ದಿನ ಎಮ್ಮೆಗೆ ಹುಲ್ಲು ಹಾಕಿ ಬಂದವಳು ಕೈ ಒರೆಸಿಕೊಳ್ಳುತ್ತಾ, "ಆಯ್ತು ಭಾವ, ಮಾಡ್ರಿ. ಗುಂಡಿ ಮಾತ್ರ ಅವನ ಅಳತೆಗೇ ತೆಗೀರಿ, ಎತ್ತರದ ಹುಡುಗ," ಅಂದಳಂತೆ.

ಹಾಗೆಯೇ ತೆಗೆದರು. ನಾನೂ ಹೋದೆ. ಸ್ವಾಮಿಗಳು ಬಂದರು, ವಿಭೂತಿ, ಬಿಲ್ವಪತ್ರೆ ಬಂತು. ಗುಂಡಿಯ ಒಳಗೋಡೆಯಲ್ಲಿ ತಮ್ಮನನ್ನು ಕೂರಿಸಬೇಕಿದ್ದ ಗೂಡು ಖಾಲಿ ಇತ್ತು. ಅವ್ವ ಕರಡಿಗೆ ಬಿಚ್ಚಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು ದೊಡ್ಡಪ್ಪನಿಗೆ ಕೊಟ್ಟಳು.

ದೊಡ್ಡಪ್ಪ ಕೆಳಗಿಳಿದು ಗೂಡಿನೆದುರು ಕುಕ್ಕರಗಾಲಲ್ಲಿ ಕೂತರು. ಎಷ್ಟು ಹೊತ್ತಾದರೂ ಅಲುಗಲಿಲ್ಲ. ಸ್ವಾಮಿಗಳು ಮೇಲಿನಿಂದ, "ಇಡ್ರಿ" ಅಂದರು.

"ಎಲ್ಲಿ ಇಡ್ಲಿ ಸ್ವಾಮೇರಾ? ಕೈನೇ ಇಲ್ವಲ್ಲ," ಅಂದರು ದೊಡ್ಡಪ್ಪ. ಅವರು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಮುಷ್ಟಿಯಲ್ಲಿ ಲಿಂಗ ಹಿಡಿದುಕೊಂಡೇ ಮೇಲೆ ಹತ್ತಿ ಅವ್ವನ ಹತ್ತಿರ ಬಂದರು. "ತಗಳವ್ವ, ನನ್ನ ಕೈಲಾಗಲ್ಲ."

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು, ತಮ್ಮನೇ ಉಳಿದುಕೊಂಡ ಎಂಬಂತೆ. ಆಮೇಲೆ ಅವ್ವನ ಕಡೆ ನೋಡಿದೆ. ಅವಳು ಕೈ ಚಾಚಿರಲಿಲ್ಲ.

"ಇವತ್ತೊಂದಿನಕ್ಕೆ ಅಂತ ಎದೆ ಗಟ್ಟಿ ಮಾಡ್ಕಂಡು ಬಂದಿದ್ದೆ ಭಾವ," ಅಂದಳು. "ಇನ್ನೊಂದು ಸಲ ಆ ಧೈರ್ಯ ಎಲ್ಲಿಂದ ತರ್ಲಿ?"

ಗುಂಡಿಯನ್ನು ಬರಿದೇ ಮುಚ್ಚಿದರು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವ್ವ ಪೂಜೆಗೆ ಕೂತಿದ್ದಳು. ಅವನ ಲಿಂಗ ಅವಳ ಎಡಗೈಯಲ್ಲಿತ್ತು.