ಹೂಂ ಅನ್ನುವ ಕುರ್ಚಿ

ಜೂನ್ ತಿಂಗಳ ನಸುಕು. ಆಸ್ಟಿನ್ನಿನ ಸೇತುವೆಯಡಿ ಬಾವಲಿಗಳು ಮರಳಿ ಬಂದು ನೇತುಬೀಳುವ ಹೊತ್ತು. ಶಾಸನಸಭೆಯ ನೆಲಮಾಳಿಗೆಯ ಕೋಣೆಯೊಂದರಲ್ಲಿ ಜಯದೇವಿ ಗಟ್ಟಿಯಾಗಿ ಓದುತ್ತಿದ್ದಾರೆ. ಒಂದು ಸಾಲು ಓದುತ್ತಾರೆ, ನಿಲ್ಲುತ್ತಾರೆ, ಎದುರಿನ ಕುರ್ಚಿಯತ್ತ ಕಿವಿಗೊಡುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಕುರ್ಚಿಯಲ್ಲಿ ಯಾರೂ ಇಲ್ಲ. ಅದರ ಬೆನ್ನಿಗೆ ನೇರಳೆ ಬಣ್ಣದ ಸ್ವೆಟರೊಂದು ತೂಗುತ್ತಿದೆ.

ನಾನು ದೆವ್ವಕ್ಕೆ ಹೆದರುವವನಲ್ಲ. ಡಾಲಸ್‌ನಿಂದ ಇಲ್ಲಿಯವರೆಗೆ, ಇವರ ಕೆಲಸದ ಬಗ್ಗೆ ಬರೆಯಲೆಂದು, ಲಾರಿಗಳ ನಡುವೆ ಡ್ರೈವ್ ಮಾಡಿಕೊಂಡು ಬಂದವನಿಗೆ ದೆವ್ವ ಯಾವ ಲೆಕ್ಕ! ಆದರೂ ಆ ಸ್ವೆಟರ್ ಕಂಡು ಬಾಗಿಲಲ್ಲೇ ನಿಲ್ಲುತ್ತೇನೆ.

"ಬರ್ರಿ, ಕುಂದರ್ರಿ. ಆ ಕುರ್ಚಿ ಒಂದು ಬಿಟ್ಟು," ಎನ್ನುತ್ತಾರೆ ಜಯದೇವಿ.

ಇವರು ಗದಗಿನವರು. ಗಂಡ ನೀಲಕಂಠಪ್ಪ ಹ್ಯೂಸ್ಟನ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಶಿಫ್ಟ್ ಆದರು, ಇವರು ಕರಡು ಓದುವ ಈ ಕೆಲಸಕ್ಕೆ ಸೇರಿದರು. ಈಗ ನೀಲಕಂಠಪ್ಪನವರ ಡಯಾಲಿಸಿಸ್ ನಡೆಯುವುದೇ ಹೆಂಡತಿಯ ಕೆಲಸದ ವಿಮೆಯಿಂದ. ಮಗಳು ನೇಹಾ ಪ್ಲೇನೋದಿಂದ ದಿನಾ ಫೋನ್ ಮಾಡಿ ಇಂಗ್ಲಿಷಿನಲ್ಲಿ ಗದರುತ್ತಾಳಂತೆ, ಕೆಲಸ ಬಿಟ್ಟು ತನ್ನ ಮನೆಗೆ ಬನ್ನಿ ಎಂದು.

ಟೆಕ್ಸಸ್ಸಿನ ಬಜೆಟ್ಟು ಅಚ್ಚಾಗುವ ಮೊದಲು ಇಬ್ಬರು ಅದನ್ನು ಓದಬೇಕು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಿದರೆ, ಇನ್ನೊಬ್ಬರು ಅಚ್ಚಿನ ಕರಡು ನೋಡುತ್ತ ಸರಿಯಿದ್ದರೆ ದನಿಗೊಡಬೇಕು. ಆ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು ದನಿಗೊಟ್ಟವಳು ವರ್ನಾ, ಪೂರ್ವ ಟೆಕ್ಸಸ್ಸಿನ ಹಳ್ಳಿಯಾಕೆ. ಜಯದೇವಿ ಆಕೆಗೆ ಕಲಿಸಿದ ಕನ್ನಡ ಒಂದೇ ಪದ, ಹೂಂ.

"ಕತಿ ಕೇಳುವಾಗ ನಾವು ಹೂಂ ಅನ್ಲಿಲ್ಲಂದ್ರ ನಮ್ಮಜ್ಜಿ ಅಲ್ಲಿಗೇ ನಿಲ್ಲಿಸ್ತಿದ್ಲ್ರಿ. ಮಂದಿ ಹೂಂ ಅನ್ನದಿದ್ರ ಕಣ್ಣಿಗೆ ಕಾಣದ ಬ್ಯಾರೆ ಯಾರರ ಹೂಂ ಅಂತಾರ, ಆಮ್ಯಾಲೆ ಕತಿ ಅವರದಾಗ್ತೈತಿ, ಅಂತಿದ್ಲು."

ಹೋದ ಚಳಿಗಾಲದಲ್ಲಿ ವರ್ನಾ ತೀರಿಕೊಂಡಳು, ಆಕೆಯ ಸ್ವೆಟರ್ ಕುರ್ಚಿಯಲ್ಲೇ ಉಳಿಯಿತು. ಬದಲಿಗೆ ಯಾರೂ ಬರಲಿಲ್ಲ.

"ನಾನೇ ಓದಿ ನಾನೇ ಹೂಂ ಅಂದ್ರ ತಪ್ಪು ಸಿಗಂಗಿಲ್ರಿ. ಒಮ್ಮೆ ಹಂಗ ಮಾಡಿ ಒಂದು ಸಾಲೇ ನುಂಗಿದ್ದೆ. ಈಗ ಓದಿ ಸುಮ್ನ ಕಾಯ್ತೀನಿ. ಅಕಿ ಹೂಂ ಅಂತಾಳ. ಅನ್ಲಿಲ್ಲಂದ್ರ ಹೊಳ್ಳಿ ನೋಡ್ತೀನಿ, ಅಲ್ಲೇ ತಪ್ಪು ಇರ್ತೈತಿ." ಬೇಳೆ ಬೆಂದಿದೆ ಎಂದು ಹೇಳಿದಷ್ಟೇ ಸಹಜವಾಗಿ ಇದನ್ನು ಹೇಳುತ್ತಾರೆ. ನಾನು ಮಾತ್ರ ನನ್ನ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಳ್ಳುತ್ತೇನೆ.

ಮೇಲಿನ ಸದನಗಳೂ ಖಾಲಿ. ಎರಡು ವರ್ಷದ ಬಜೆಟ್ಟು ಪಾಸು ಮಾಡಿ ಶಾಸಕರು ಊರು ಸೇರಿದ್ದಾರೆ. ಅವರು ಹೋದ ಮೇಲಿನ ಇಪ್ಪತ್ತು ದಿನ ಗವರ್ನರರ ಪೆನ್ನಿನದು. ಬಜೆಟ್ಟಿನ ಯಾವ ಬಾಬಿಗೆ ಬೇಕಾದರೂ ಕಾಟು ಹಾಕಿ ರದ್ದು ಮಾಡಬಹುದು. ಸದನ ಕೂತಿದ್ದರೆ ಮೂರರಲ್ಲಿ ಎರಡು ಪಾಲು ಮತ ಸೇರಿಸಿ ಅದನ್ನು ಉಳಿಸಿಕೊಳ್ಳಬಹುದಿತ್ತು. ಈಗ ಉಳಿಸಿಕೊಳ್ಳಲು ಯಾರಿದ್ದಾರೆ?

"ಹೂಂ ಅನ್ನೋರೂ ಇಲ್ಲ, ಊಹೂಂ ಅನ್ನೋರೂ ಇಲ್ಲ," ಎನ್ನುತ್ತಾರೆ ಜಯದೇವಿ. "ಈ ಸಲ ನಮ್ಮ ಈ ಕ್ವಾಣಿ ಖರ್ಚಿನ ಸಾಲಿಗೂ ಕಾಟು ಬೀಳ್ತೈತಂತ ಸುದ್ದಿ. ಓದಾಕ ಮಷೀನು ಬಂದಾವಲ್ರಿ. ನನಗ ಚಿಂತಿ ಇಲ್ಲ, ಅವರ ಡಯಾಲಿಸಿಸ್‌ದೇ ಚಿಂತಿ."

ಇವತ್ತು ಇಪ್ಪತ್ತನೆಯ ದಿನ. ಬೆಳಕು ಹರಿಯುವಾಗ ಕಾವಲಿನವನು ಗವರ್ನರರ ಆದೇಶ ತಂದಿಟ್ಟು ಹೋಗುತ್ತಾನೆ. ಕಾಟು ಬಿದ್ದ ಸಾಲನ್ನೂ ಒಮ್ಮೆ ಗಟ್ಟಿಯಾಗಿ ಓದಿ, ದನಿ ಬಂದ ಮೇಲೆಯೇ ಗುರುತು ಹಾಕುವುದು ಇಲ್ಲಿಯ ರೂಢಿ. ಜಯದೇವಿ ಓದತೊಡಗುತ್ತಾರೆ. ಒಂದು ಹಳೆಯ ಆಸ್ಪತ್ರೆಯ ದುರಸ್ತಿ. ನಿಲ್ಲುತ್ತಾರೆ, ತಲೆಯಾಡಿಸುತ್ತಾರೆ, ಗುರುತು ಹಾಕುತ್ತಾರೆ. ಒಂದು ಕಾಲೇಜಿನ ಬಾಬು. ಅದೂ ದಾಟುತ್ತದೆ. ನನಗೆ ಏನೂ ಕೇಳಿಸುವುದಿಲ್ಲ.

ಆಮೇಲೆ ಅವರ ದನಿ ಸಣ್ಣದಾಗುತ್ತದೆ. ಕರಡು ಓದುವ ಕೋಣೆ, ಸಿಬ್ಬಂದಿ, ಸಂಬಳ, ವಿಮೆ. ಪೂರ್ತಿ ಕಾಟು. ಒಂದಕ್ಷರ ಬಿಡದೆ ಓದಿ ಕುರ್ಚಿಯನ್ನು ನೋಡುತ್ತಾರೆ. ಕಾಯುತ್ತಾರೆ. ಮತ್ತೊಮ್ಮೆ ಓದುತ್ತಾರೆ.

"ಹೂಂ ಅನ್ನವಲ್ಲಳು," ಎನ್ನುತ್ತಾರೆ. ಕನ್ನಡಕ ಒರೆಸಿಕೊಂಡು ಎರಡೂ ಪ್ರತಿಗಳನ್ನು ನೋಡುತ್ತಾರೆ. "ಅಕ್ಷರ ಒಂದೂ ತಪ್ಪಿಲ್ರಿ. ಮತ್ಯಾಕ ಅನ್ನವಲ್ಲಳು? ಇದೊಂದಕ್ಕ ನೀವರ ಹೂಂ ಅನ್ರಿ."

ಈ ಹೆಂಗಸಿನ ಅನ್ನಕ್ಕೆ ಕಲ್ಲು ಬೀಳುವ ಸಾಲಿಗೆ ನಾನು ಹೂಂ ಅನ್ನಲೇ? ಆಗುವುದಿಲ್ಲ ಎಂದು ತಲೆಯಾಡಿಸುತ್ತೇನೆ.

ಆಗ ಕೇಳಿಸುತ್ತದೆ. ಕುರ್ಚಿಯಿಂದಲ್ಲ, ಚಾವಣಿಯ ಗಾಳಿಕೊಳವೆಯಿಂದ, ಖಾಲಿ ಸದನಗಳಿರುವ ಮೇಲ್ಗಡೆಯಿಂದ. ನಿಧಾನವಾದ, ತೃಪ್ತಿಯ ದನಿ.

"ಹೂಂ."

ಸ್ವೆಟರ್ ಅಲುಗುವುದಿಲ್ಲ. ನಾನು ಎದ್ದು ನಿಂತಿದ್ದೇನೆ. ಜಯದೇವಿ ಗುರುತು ಹಾಕದೆ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಡುತ್ತಾರೆ.

"ಇದು ಅಕಿ ದನಿ ಅಲ್ರಿ," ಎನ್ನುತ್ತಾರೆ ಮೆಲ್ಲಗೆ. "ಹೂಂ ಅಂದಾವರು ಯಾರಂತ ಗೊತ್ತಿಲ್ದ ನಾ ಇವತ್ತಿನತನ ಒಂದು ಸಾಲೂ ದಾಟಿಲ್ಲ."

ವರ್ನಾಳ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅದೇ ಸಾಲನ್ನು ಮೊದಲಿನಿಂದ ಓದತೊಡಗುತ್ತಾರೆ.