ಹೆಂಚು ಮುಟ್ಟದ ಗೋಡೆ

ಹಾನುಬಾಳಿನಲ್ಲಿ ನನಗೆ ಸಿಕ್ಕಿದ ಬಾಡಿಗೆ ಮನೆ ಅಂದರೆ ಓನರ್ ಗೌರಮ್ಮನವರ ಮನೆಯದೇ ಅರ್ಧ. ನಡುವಿನ ಗೋಡೆ ಹೆಂಚಿನವರೆಗೆ ಹೋಗಿರಲೇ ಇಲ್ಲ. ನಾನು ಸೀನಿದರೂ ಅವರಿಗೆ ಕೇಳುತ್ತಿತ್ತು. ಮೇಲಿನ ಸಂದಿಗೆ ಹಲಗೆ ಹೊಡೆಸಿಕೊಡಿ ಅಂತ ಬಂದ ದಿನದಿಂದ ಗೋಗರೆದೆ. "ಹೊಡಿಸ್ತೀನಿ ಕಣಮ್ಮ" ಅನ್ನುತ್ತಲೇ ಇದ್ದರು.

ಒಂದು ಸಂಜೆ ಆಸ್ಪತ್ರೆ ಡ್ಯೂಟಿ ಮುಗಿಸಿ ಸುಸ್ತಾಗಿ ಮಲಗಿದ್ದೆ. ಊರಿಂದ ಅಮ್ಮ ಫೋನ್ ಮಾಡಿದಳು. "ಊಟ ಆಯ್ತಮ್ಮ" ಅಂದೆ.

"ಸುಳ್ಳು! ಕುಕ್ಕರ್ ಕೂಗೇ ಇಲ್ಲ!" ಅಂದರು ಗೋಡೆಯಾಚೆಯಿಂದ ಗೌರಮ್ಮ. ಸ್ಟೂಲ್ ಎಳೆದ ಸದ್ದಾಯಿತು. ಗೋಡೆ ಮೇಲಿಂದ ಅಕ್ಕಿರೊಟ್ಟಿಯ ತಟ್ಟೆ ಇಣುಕಿತು.

ಮುಂದಿನ ವಾರ ಕೊನೆಗೂ ಬಡಗಿ ಹಲಗೆ ತಂದ. "ತಟ್ಟೆ ಹಿಡಿಸೋಷ್ಟು ಜಾಗ ಬಿಡಪ್ಪ" ಅಂದೆ.

"ಇನ್ನೂ ವಸಿ ಬಿಡ್ಸಮ್ಮ," ಆಚೆಯಿಂದ ಗೌರಮ್ಮ ಕೂಗಿದರು, "ಸಾರಿನ ಪಾತ್ರೆ ಹಿಡ್ಸಕಿಲ್ಲ."