ಹದಿನಾಲ್ಕು ಬ್ಯಾಟರಿ, ಒಂಬತ್ತು ಹೆಸರು

ಶಾಮನೂರಿನ ಹಳೇ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ನೆಲದ ಮೇಲೆ ಒಂದು ಮೊರ. ಅದರಲ್ಲಿ ಹಪ್ಪಳ ಒಣಹಾಕಿದಂತೆ ಸಾಲಾಗಿ ಹರವಿದ ಪವರ್ ಬ್ಯಾಂಕುಗಳು. ಅಂಬಿಕಾ ಒಂದೊಂದನ್ನೇ ಎತ್ತಿ ಕೈಯ ಹಿಂಬದಿಗೆ ತಾಗಿಸಿ ನೋಡುತ್ತಾರೆ. ತಣ್ಣಗಿದ್ದದ್ದು ಬಲಕ್ಕೆ, ಬೆಚ್ಚಗಿದ್ದದ್ದು ಎಡಕ್ಕೆ. ಏಳನೆಯದನ್ನು ಕೆನ್ನೆಗೂ ಒತ್ತಿ ಸ್ವಲ್ಪ ಹೊತ್ತು ಯೋಚಿಸುತ್ತಾರೆ.

"ಇದಕ್ಕೆ ವಯಸ್ಸಾತು. ಬ್ಯಾಗನೆ ಬಿಸಿ ಆಗ್ತೈತೆ. ಇವತ್ತು ಮೊದ್ಲು ಇದನ್ನೇ ಖರ್ಚು ಮಾಡ್ಬೇಕು."

ಒಳಮನೆಯಿಂದ ಅತ್ತೆ ಉಚ್ಚೆಂಗೆಮ್ಮ ಕೂಗಿ ಹೇಳುತ್ತಾರೆ: "ನನಗೆ ಜ್ವರ ಬಂದ್ರೆ ಹಿಂಗೆ ಕೈ ಇಟ್ಟು ನೋಡಂಗಿಲ್ಲ ನೋಡ್ರಿ ಇವ್ಳು!"

"ನಿಮಗೆ ಜ್ವರ ಬಂದ್ರೆ ಓಣಿಗೆಲ್ಲ ಗೊತ್ತಾಗ್ತೈತೆ ಅತ್ತೆ. ಇವು ಬಾಯಿ ಬಿಡಂಗಿಲ್ಲ," ಎಂದು ಅಂಬಿಕಾ ನಗುತ್ತಾರೆ.

ನಲವತ್ತೊಂದು ವರ್ಷದ ಅಂಬಿಕಾ, ದಾವಣಗೆರೆಯ ಒಂದು ಸಣ್ಣ ಶಿಕ್ಷಣ ಟ್ರಸ್ಟಿನಲ್ಲಿ ಸಹಾಯಕಿ. ಈ ಟ್ರಸ್ಟಿನವರು ಆರು ವಿಆರ್ ಹೆಡ್‌ಸೆಟ್‌ಗಳನ್ನು ವ್ಯಾನಿನಲ್ಲಿ ಇಟ್ಟುಕೊಂಡು ದಾವಣಗೆರೆ, ಹರಿಹರ ತಾಲ್ಲೂಕುಗಳ ಸರ್ಕಾರಿ ಹೈಸ್ಕೂಲುಗಳಿಗೆ ಹೋಗುತ್ತಾರೆ. ಕಣ್ಣಿಗೆ ಕಟ್ಟಿಕೊಂಡರೆ ಸಮುದ್ರದ ತಳ ಕಾಣುತ್ತದೆ. ಎಂಟು ನಿಮಿಷ, ಒಂದು ಆಮೆ ಸುತ್ತ ಈಜಿ ಹೋಗುತ್ತದೆ. ಯಾವ ವೈರೂ ಗೋಡೆಗೆ ಸಿಕ್ಕಿಸಿರುವುದಿಲ್ಲ, ಮಕ್ಕಳು ಎತ್ತ ಬೇಕಾದರೂ ತಿರುಗಬಹುದು. ಆದರೆ ಯಾರೋ ಬಳಸಿ ಬಿಟ್ಟು ದಾನ ಕೊಟ್ಟ ಹಳೇ ಹೆಡ್‌ಸೆಟ್‌ಗಳಿವು. ಒಳಗಿನ ಬ್ಯಾಟರಿ ಅರ್ಧ ಗಂಟೆಗೆ ಸೋಲುತ್ತದೆ. ಹೊರಗಿನಿಂದ ಬ್ಯಾಟರಿ ಕೊಡುತ್ತಲೇ ಇದ್ದರೆ ಮಾತ್ರ ಆಮೆ ಈಜುತ್ತದೆ. ಕೊಡುವವರು ಅಂಬಿಕಾ.

ಅವರನ್ನು ಸೇರಿಸಿಕೊಂಡದ್ದು ಕಚೇರಿ ಗುಡಿಸಿ, ಚಹಾ ಮಾಡಲು. ಅದಕ್ಕೂ ಮೊದಲು ಹನ್ನೊಂದು ವರ್ಷ ಮಂಡಕ್ಕಿ ಭಟ್ಟಿಯಲ್ಲಿದ್ದರು. ಹೊಗೆಗೆ ಕೆಮ್ಮು ಹತ್ತಿ ಬಿಟ್ಟರು. ಅಕ್ಕಿ ಅರಳಿಸುವ ಕಾದ ಮರಳಿನ ಹದವನ್ನು ದೂರದಿಂದಲೇ ಹೇಳುತ್ತಿದ್ದ ಕೈ ಅದು. ಟ್ರಸ್ಟಿಗೆ ಬಂದ ಹೊಸದರಲ್ಲಿ, ಮೇಜಿನ ಮೇಲಿದ್ದ ಒಂದು ಪವರ್ ಬ್ಯಾಂಕನ್ನು ಒರೆಸಲು ಎತ್ತಿದವರು, "ಇದು ಉಬ್ಬೈತೆ ನೋಡ್ರಿ, ಸರಿ ಇಲ್ಲ" ಎಂದು ಪಕ್ಕಕ್ಕಿಟ್ಟರು. ಅಲ್ಲಿದ್ದ ಯಾರೂ ಅದನ್ನು ಗಮನಿಸಿರಲಿಲ್ಲ. ಅವತ್ತಿನಿಂದ ಬ್ಯಾಟರಿಗಳೆಲ್ಲ ಅವರ ಪಾಲಿಗೆ ಬಂದವು. ಕಚೇರಿಯ ಕಟ್ಟಡದಲ್ಲಿ ಮಾಲೀಕರು ಸಂಜೆಯೇ ಮೇನ್ ಆಫ್ ಮಾಡುವುದರಿಂದ ಚಾರ್ಜಿಂಗ್ ಇವರ ಮನೆಯಲ್ಲೇ. ನಾಲ್ಕು ಪ್ಲಗ್ಗುಗಳಿವೆ. ಸಂಜೆಯಿಂದ ಸರದಿಯ ಮೇಲೆ ಹಾಕಿ ತೆಗೆದು, ಕೊನೆಯ ಕಂತು ಬೆಳಗಿನ ಜಾವಕ್ಕೆ ಮುಗಿಯುತ್ತದೆ.

ಬ್ಯಾಟರಿಯನ್ನು ಮೊದಲು ಮಕ್ಕಳ ಜೇಬಿಗೆ ಹಾಕುತ್ತಿದ್ದರಂತೆ. ತಿರುಗಿದಾಗ ಕೇಬಲ್ ಕಿತ್ತು ಬರುತ್ತಿತ್ತು. ಹೆಡ್‌ಸೆಟ್ ಮುಂದಕ್ಕೆ ಜಗ್ಗಿ ಮೂಗಿನ ಮೇಲೆ ಕೂರುತ್ತಿತ್ತು. ಅಂಬಿಕಾ ದಪ್ಪ ಬಟ್ಟೆಯ ಚೀಲ ಹೊಲಿದು ಪಟ್ಟಿಯ ಹಿಂಭಾಗಕ್ಕೆ, ತಲೆಯ ಹಿಂದಕ್ಕೆ ಕಟ್ಟಿದರು. "ಮಂಡಕ್ಕಿ ಚೀಲ ಹೊತ್ತ ತಲಿ ನಂದು. ಭಾರ ಮುಂದಷ್ಟೇ ಇದ್ರೆ ಕತ್ತು ನೋಯ್ತೈತೆ. ಹಿಂದೂ ಈಟು ಇದ್ರೆ ಭಾರನೇ ಗೊತ್ತಾಗಂಗಿಲ್ಲ," ಎನ್ನುತ್ತಾರೆ. ಈಗ ಆರಕ್ಕೂ ಅದೇ ಚೀಲ.

ಬಿದಿರಿನ ಬುಟ್ಟಿಗೆ ಬ್ಯಾಟರಿ ತುಂಬುವಾಗ ಗಮನಿಸಿದರೆ, ಬುಟ್ಟಿಯ ಹಿಡಿಕೆಗೆ ಕುಂಕುಮವಿದೆ, ಬ್ಯಾಟರಿಗಳಿಗಿಲ್ಲ. ಕೇಳಿದರೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡುತ್ತಾರೆ. ಕಳೆದ ತಿಂಗಳ ಅಮಾವಾಸ್ಯೆಯಂದು, ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುವ ರೂಢಿಯಂತೆ ಉಚ್ಚೆಂಗೆಮ್ಮ ಹದಿನಾಲ್ಕು ಬ್ಯಾಟರಿಗೂ ವಿಭೂತಿ ಬಳಿದು ಕುಂಕುಮ ಇಟ್ಟರು. ನಾಲ್ಕು ಬ್ಯಾಟರಿಗಳ ಕೇಬಲ್ ಸಿಕ್ಕಿಸುವ ಬಾಯಿಗೆ ಪುಡಿ ಸೇರಿ ಚಾರ್ಜ್ ಹತ್ತಲಿಲ್ಲ. ಹತ್ತಿಲ್ಲವೆಂದು ತೋರಿಸಬೇಕಾದ ಸಣ್ಣ ದೀಪಗಳ ಮೇಲೇ ಬೊಟ್ಟು ಕೂತಿತ್ತು.

ಮರುದಿನ ಮಾಯಕೊಂಡದ ಹೈಸ್ಕೂಲಿನಲ್ಲಿ ಅರ್ಧಕ್ಕೇ ಹೆಡ್‌ಸೆಟ್‌ಗಳು ಒಂದೊಂದಾಗಿ ಕಪ್ಪಾದವು. ಅಲ್ಲಿ ಹಗಲು ಕರೆಂಟೂ ಇರುವುದಿಲ್ಲ. ಒಂಬತ್ತನೇ ತರಗತಿಯ ಒಂಬತ್ತು ಹುಡುಗಿಯರು ನೋಡದೆ ಉಳಿದರು. ಸಾಲಿನ ಕೊನೆಯಲ್ಲಿದ್ದ ಪೂಜಾ ಎಂಬ ಹುಡುಗಿ ಕೇಳಿದಳಂತೆ: "ಅಕ್ಕಾ, ನಾವು ಹಿಂದೆ ನಿಂತಿದ್ದೇ ತಪ್ಪಾತಾ?"

ಇದನ್ನು ಹೇಳುತ್ತಾ ಅಂಬಿಕಾ ಬುಟ್ಟಿಯ ಬಟ್ಟೆ ಸರಿಮಾಡುತ್ತಾರೆ. ಅವತ್ತೇ ಒಂಬತ್ತು ಹೆಸರನ್ನೂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡು ಬಂದರು. ನಾಲ್ಕು ಬ್ಯಾಟರಿಗಳನ್ನು ಮೊಬೈಲ್ ರಿಪೇರಿಯ ಬಿಲಾಲ್ ಮೆತ್ತನೆಯ ಬ್ರಷ್ಷಿನಲ್ಲಿ ಬಿಡಿಸಿಕೊಟ್ಟು, "ಅಕ್ಕಾ, ಕುಂಕುಮ ತಿನ್ನೋ ಬ್ಯಾಟರಿ ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲ" ಎಂದನಂತೆ. ಉಚ್ಚೆಂಗೆಮ್ಮ ಮಾತ್ರ ಇಂದಿಗೂ ಸೋಲೊಪ್ಪಿಲ್ಲ: "ಪೂಜೆ ಮಾಡಿದ್ರೆ ಯಾವಾದ್ರೂ ಕೆಡ್ತಾವಾ? ಇವಕ್ಕೇ ದೇವರ ಮ್ಯಾಲೆ ನಂಬಿಕಿಲ್ಲ."

ಇವತ್ತಿನ ಕಾರ್ಯಕ್ರಮ ಹರಿಹರ ತಾಲ್ಲೂಕಿನ ಸಾರಥಿಯಲ್ಲಿ. ಮಧ್ಯಾಹ್ನ ಮಾಯಕೊಂಡಕ್ಕೆ ಹೋಗಿ ಆ ಒಂಬತ್ತು ಮಂದಿಗೆ ತೋರಿಸಬೇಕು. ಸೋಮವಾರದಿಂದ ಅವರಿಗೆ ಪರೀಕ್ಷೆ, ಹೀಗಾಗಿ ಶಾಲೆಯವರು ಕೊಟ್ಟಿರುವುದು ಇವತ್ತಿನ ಒಂದು ಗಂಟೆ ಮಾತ್ರ. ಸಾರಥಿಗೆ ಹನ್ನೆರಡು ಬ್ಯಾಟರಿ, ಮಾಯಕೊಂಡಕ್ಕೆ ಎರಡು. ಎರಡು ಸಾಕೇ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಖಾಲಿ ಆದ ಹೆಡ್‌ಸೆಟ್ಟು ಮೊದ್ಲು ತನ್ನ ಹೊಟ್ಟೆ ತುಂಬಿಸ್ಕಂತೈತೆ. ಹಂಗಾಗಿ ಒಂದೊಂದು ಬ್ಯಾಟರಿ ಐವತ್ತು ನಿಮಿಷ ಬಂದ್ರೆ ಹೆಚ್ಚು. ಐದು ಸುತ್ತಿಗೆ, ಕಟ್ಟದು ಬಿಚ್ಚದು ಸೇರಿ, ಅಷ್ಟೇ ಬೇಕಾಗಿರದು. ಒಂದೀಟೂ ಮಿಗಂಗಿಲ್ಲ."

ಸಾರಥಿಯಲ್ಲಿ ತೊಂಬತ್ತಾರು ಮಕ್ಕಳು. ಆರಾರು ಮಂದಿಯಂತೆ ಹದಿನಾರು ಸುತ್ತು. ಬೆಳಗಿನಿಂದ ಕರೆಂಟಿಲ್ಲ, ಎರಡು ಗಂಟೆಗೆ ಬರುತ್ತದಂತೆ. ತೋರಿಸಿ ವಿವರಿಸುವವರು ಟ್ರಸ್ಟಿನ ರಶ್ಮಿತಾ. ಅಂಬಿಕಾ ಮಕ್ಕಳ ಬೆನ್ನ ಹಿಂದೆಯೇ ಓಡಾಡುತ್ತಾ ಬಟ್ಟೆಯ ಚೀಲಗಳನ್ನು ಮುಟ್ಟಿ ನೋಡುತ್ತಾರೆ, ಬಿಸಿಯಾದದ್ದನ್ನು ಬಿಚ್ಚಿ ಬೇರೆ ಸಿಕ್ಕಿಸುತ್ತಾರೆ. ಮುಗಿದ ಬ್ಯಾಟರಿ ಬುಟ್ಟಿಯಲ್ಲಿ ಬೋರಲು ಮಲಗುತ್ತದೆ. ಮಕ್ಕಳು ಗಾಳಿಯಲ್ಲಿ ಕೈಯೆತ್ತಿ ಆಮೆಯನ್ನು ಮುಟ್ಟಲು ಹೋಗುತ್ತಾರೆ. ಯಾರೊಬ್ಬರೂ ಹಿಂದಿರುವವರನ್ನು ನೋಡುವುದಿಲ್ಲ. ನೋಡುವ ಹಾಗೂ ಇಲ್ಲ, ಕಣ್ಣು ಕಟ್ಟಿದೆಯಲ್ಲ.

ಹನ್ನೆರಡೂವರೆಗೆ ಕೊನೆಯ ಸುತ್ತು ಮುಗಿಯುತ್ತದೆ. ಹನ್ನೆರಡು ಬ್ಯಾಟರಿಯೂ ಬೋರಲು. ಆಗ ಹೆಡ್‌ಮಾಸ್ಟರ್ ಬಸವಪ್ರಭು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಬೆಳಿಗ್ಗೆ ತಾವೇ ನಿಂತು ಕೊಠಡಿ ಖಾಲಿ ಮಾಡಿಸಿ, ಉಪ್ಪಿಟ್ಟು ಹಾಕಿಸಿದವರು.

"ಮಕ್ಕಳದ್ದಾತು. ಇನ್ನ ನಮಗೂ ಕಟ್ರಿ ನೋಡಾಣ. ಸ್ಟಾಫ್ ಆರು ಮಂದಿ ಅದೀವಿ. ಮುಂದಿನ ವರ್ಷ ರಿಟೈರ್ ಆಗೋನು ನಾನು, ಸಮುದ್ರನೇ ನೋಡಿಲ್ಲ."

ರಶ್ಮಿತಾ ಅಂಬಿಕಾರ ಮುಖ ನೋಡುತ್ತಾರೆ. ಬುಟ್ಟಿಯಲ್ಲಿ ಎರಡು ಬ್ಯಾಟರಿಗಳು ಮುಖ ಮೇಲಾಗಿ ಕೂತಿವೆ, ಹೆಡ್‌ಮಾಸ್ಟರಿಗೂ ಕಾಣುತ್ತಿವೆ.

"ತಪ್ಪು ತಿಳ್ಕಾಬ್ಯಾಡ್ರಿ ಸರ್," ಎಂದವರು ಅಂಬಿಕಾ. "ಇವೆರಡು ಮಾಯಕೊಂಡದವು."

"ಅಲ್ರೀ, ಬ್ಯಾಟರಿಗೂ ಊರು ಇರ್ತಾವಾ?"

ಉಳಿದ ಶಿಕ್ಷಕರು ನಗುತ್ತಾರೆ. ಅಂಬಿಕಾ ನಗುವುದಿಲ್ಲ. ಸೆರಗಿನ ಗಂಟು ಬಿಚ್ಚಿ ಕ್ಯಾಲೆಂಡರ್ ಹಾಳೆ ತೆಗೆದು ಮೇಜಿನ ಮೇಲಿಡುತ್ತಾರೆ. ಒಂಬತ್ತು ಹೆಸರು ಏಕೆಂದು ನಿಂತುಕೊಂಡೇ ಹೇಳುತ್ತಾರೆ, ಕುಂಕುಮದ ವಿಷಯವನ್ನೂ ಮುಚ್ಚಿಡದೆ. ಬಸವಪ್ರಭು ಹಾಳೆಯನ್ನು ಮೇಲಿಂದ ಕೆಳಗೆ ಓದುತ್ತಾರೆ, ಹಾಜರಿ ಓದುವ ಅಭ್ಯಾಸವಿರುವವರು ಓದುವ ಹಾಗೆ. ಮಡಚಿ ವಾಪಸ್ ಕೊಡುತ್ತಾರೆ.

"ಮತ್ತೆ ಇಲ್ಯಾಕ ನಿಂತೀರಿ? ದಾವಣಗೆರೆ ದಾಟಿ ಹೋಗ್ಬೇಕು, ಹೊರಡ್ರಿ ಹೊರಡ್ರಿ."

ವ್ಯಾನು ಹರಿಹರ ದಾಟುವಷ್ಟರಲ್ಲಿ ಅಂಬಿಕಾ ಬುಟ್ಟಿ ಬಿಸಿಲಿಗೆ ಬೀಳದಂತೆ ಎರಡು ಸಲ ಜಾಗ ಬದಲಿಸುತ್ತಾರೆ.

ಮಾಯಕೊಂಡದಲ್ಲಿ ಒಂಬತ್ತೂ ಹುಡುಗಿಯರು ಬಾಗಿಲಲ್ಲೇ ಕಾದಿದ್ದಾರೆ. ಎರಡು ಹೆಡ್‌ಸೆಟ್, ಇಬ್ಬಿಬ್ಬರಂತೆ ಸುತ್ತು. ಪೂಜಾಳನ್ನು ರಶ್ಮಿತಾ ಮೊದಲು ಕರೆಯುತ್ತಾರೆ. ಅವಳು ಬರುವುದಿಲ್ಲ.

"ನಾನು ಕೊನೇಗೇ ನಿಂತ್ಕಂತೀನಿ ಮಿಸ್. ಈ ಸಲ ಬರ್ತೈತೋ ಇಲ್ಲೋ ನೋಡಾಣ."

"ಪರೀಕ್ಷೆ ನನಗಿಟ್ಟೀಯೇನವ್ವಾ?" ಎನ್ನುತ್ತಾರೆ ಅಂಬಿಕಾ.

ನಾಲ್ಕು ಸುತ್ತು ಮುಗಿದಾಗ ಒಂದು ಬ್ಯಾಟರಿ ಆಗಲೇ ಖಾಲಿ, ಇನ್ನೊಂದರಲ್ಲಿ ಒಂದೇ ದೀಪ ಉಳಿದಿದೆ, ಅದೂ ಮಿಣುಕುತ್ತಿದೆ. ಅಂಬಿಕಾ ಪೂಜಾಳ ತಲೆಯ ಹಿಂದೆ ಪಟ್ಟಿ ಬಿಗಿದು, ಚೀಲದ ಮೇಲಿಟ್ಟ ಕೈಯನ್ನು ತೆಗೆಯುವುದಿಲ್ಲ. ಎಂಟು ನಿಮಿಷ. ಆರನೇ ನಿಮಿಷಕ್ಕೆ ಪೂಜಾ ಎರಡೂ ಕೈಯೆತ್ತಿ, "ಬಂತು, ಬಂತು, ಇಲ್ಲೇ ಐತೆ!" ಎಂದು ಕಿರುಚುತ್ತಾಳೆ. ಚಿತ್ರ ಮುಗಿದು ಪಟ್ಟಿ ಬಿಚ್ಚುವಾಗ ದೀಪ ಆರಿದೆ. ಯಾವಾಗ ಆರಿತೋ ಅಲ್ಲಿದ್ದ ಯಾರಿಗೂ ಗೊತ್ತಿಲ್ಲ.

ತಾವು ಇದನ್ನು ಒಮ್ಮೆ ಕಟ್ಟಿಕೊಂಡು ನೋಡಿದ್ದಾಗಿ ಅಂಬಿಕಾ ಹೇಳುತ್ತಾರೆ. ಎರಡು ನಿಮಿಷಕ್ಕೆ ತಲೆ ಸುತ್ತಿ ತೆಗೆದರಂತೆ. "ನನಗೆ ಹೊರಗಿಂದ ನೋಡದೇ ಚೆಂದ. ಅವ್ರು ಕೈ ಎತ್ತಿದ್ರೆ ಸಾಕು, ಆಮಿ ಬಂತು ಅಂತ ನನಗೂ ಗೊತ್ತಾಗ್ತೈತೆ."

ಮಾಯಕೊಂಡದಿಂದ ಹೊರಟ ವ್ಯಾನಿನಲ್ಲಿ ಹದಿನಾಲ್ಕೂ ಬ್ಯಾಟರಿ ಬೋರಲು ಮಲಗಿವೆ. ಅಂಬಿಕಾ ಕ್ಯಾಲೆಂಡರ್ ಹಾಳೆ ಬಿಡಿಸಿ ಒಂಬತ್ತು ಹೆಸರಿನ ಮೇಲೂ ನಿಧಾನವಾಗಿ ಗೆರೆ ಎಳೆಯುತ್ತಾರೆ. ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ, "ಇನ್ನೆರಡು ಬ್ಯಾಟರಿ ಕೊಡ್ಸಿದ್ರೆ ಸಾಕ್ರಿ" ಎನ್ನುತ್ತಾರೆ. ಆಮೇಲೆ ಹಾಳೆಯನ್ನು ತೊಡೆಯ ಮೇಲಿಟ್ಟು, ವ್ಯಾನು ಕುಲುಕುವುದು ನಿಲ್ಲುವವರೆಗೆ ಕಾದು, ಖಾಲಿ ಜಾಗದಲ್ಲಿ ಹೊಸದಾಗಿ ಬರೆಯುತ್ತಾರೆ: ಸಾರಥಿ, ಹೆಡ್ ಮೇಷ್ಟ್ರು ಮತ್ತು ಸ್ಟಾಫು, ಆರು ಮಂದಿ.